‘ಲೈಕ್’ ಒತ್ತಿದವರೂ ಆರೋಪಿಗಳಾದಾಗ

ಮನೆಯಲ್ಲಿ ಆಡುವ ಮಾತು ಬೇರೆ, ಕಚೇರಿಯಲ್ಲಿ ಆಡುವುದು ಬೇರೆ. ಎದುರಿಗಿರುವವರು ಯಾರೆಂದು ನೋಡಿಕೊಂಡು ಮಾತಿನ ಧಾಟಿ ಬದಲಿಸುವ ವಿವೇಕ ಎಲ್ಲರಿಗೂ ರೂಢಿಯಿಂದಲೇ ಬಂದಿರುತ್ತದೆ. ಫೇಸ್‌ಬುಕ್‌ನಂಥ ಬೃಹತ್ ಡಿಜಿಟಲ್ ವೇದಿಕೆಗಳಲ್ಲಿ ಬಂಧುಗಳು, ಸಹೋದ್ಯೋಗಿಗಳು, ನೆರೆಯವರು, ಅಪರಿಚಿತರು ಎಲ್ಲರೂ ಒಂದೇ ಸಭೆಯಾಗಿಬಿಡುವುದರಿಂದ ಈ ವಿವೇಕಕ್ಕೆ ಆಧಾರವೇ ತಪ್ಪುತ್ತದೆ. ಸಂಶೋಧಕರಾದ ಆಲಿಸ್ ಮಾರ್ವಿಕ್ ಮತ್ತು ಡಾನಾ ಬಾಯ್ಡ್ ಇದನ್ನು ‘ಸಂದರ್ಭ ಕುಸಿತ’ ಎಂದು ವಿವರಿಸಿದ್ದಾರೆ.

ಇದರ ಪರಿಣಾಮ ಅಂದಿನ ಥಾಣೆ ಜಿಲ್ಲೆಯ ಪಾಲ್ಘರಿನಲ್ಲಿ ನಿಚ್ಚಳವಾಗಿ ಕಂಡಿತು. 2012ರ ನವೆಂಬರ್ 17ರಂದು ಶಿವಸೇನೆಯ ಸ್ಥಾಪಕ ಬಾಳ ಠಾಕ್ರೆ ನಿಧನರಾಗಿ, ಮರುದಿನ ಅಂತ್ಯಕ್ರಿಯೆಯ ಹೊತ್ತಿಗೆ ಮುಂಬಯಿ ಸ್ತಬ್ಧವಾಗಿದ್ದಾಗ, ಈ ಬಂದ್ ನಡೆದದ್ದು ಗೌರವದಿಂದಲ್ಲ, ಭಯದಿಂದ ಎಂಬರ್ಥದ ಬರಹವನ್ನು ಯುವತಿಯೊಬ್ಬರು ಫೇಸ್‌ಬುಕ್‌ನಲ್ಲಿ ಹಾಕಿದರು. ಗೆಳತಿಯೊಬ್ಬರು ಅದಕ್ಕೆ ‘ಲೈಕ್’ ಒತ್ತಿದರು. ಗುಂಪೊಂದು ಯುವತಿಯ ಸಂಬಂಧಿಕರ ಆಸ್ಪತ್ರೆಗೆ ನುಗ್ಗಿ ದಾಂಧಲೆ ನಡೆಸಿತು. (ಆಸ್ಪತ್ರೆಯಂತೂ ಏನನ್ನೂ ಬರೆದಿರಲಿಲ್ಲ.) ಪೊಲೀಸರು ಬಂಧಿಸಿದ್ದು ಬರೆದವರನ್ನು ಮಾತ್ರವಲ್ಲ, ಮೆಚ್ಚಿದವರನ್ನೂ.

ಫೇಸ್‌ಬುಕ್ 2009ರಲ್ಲಿ ತಂದ ‘ಲೈಕ್’ ಗುಂಡಿ ತಲೆದೂಗುವಷ್ಟೇ ಹಗುರವಾದ ಕ್ರಿಯೆಯೆನಿಸಿದರೂ, ಅದು ಹೆಸರು ಸಮೇತ ದಾಖಲೆಯಾಗುತ್ತದೆ, ಎಣಿಕೆಗೂ ಸಿಗುತ್ತದೆ. ಬರೆದವರಿಗೆ ಹುರುಪು ಕೊಡುವ ಆ ಎಣಿಕೆಯೇ, ಯಾರು ಯಾರ ಪಕ್ಷ ಎಂದು ಹುಡುಕುವವರ ಕೈಗೆ ಸಿದ್ಧ ಪಟ್ಟಿಯನ್ನೂ ಒದಗಿಸುತ್ತದೆ.

ಮುಂದೆ ಇಬ್ಬರು ಪೊಲೀಸ್ ಅಧಿಕಾರಿಗಳು ಅಮಾನತಾದರು, ಯುವತಿಯರ ಮೇಲಿನ ಪ್ರಕರಣವನ್ನೂ ಕೈಬಿಡಲಾಯಿತು. ಅವರ ಮೇಲೆ ಹೇರಿದ್ದ, ಕಿರಿಕಿರಿ ಉಂಟುಮಾಡುವ ಸಂದೇಶವನ್ನೂ ಅಪರಾಧವೆಂದಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಆದರೂ ಅದೇ ಕಲಮಿನಡಿ ಪ್ರಕರಣಗಳು ದಾಖಲಾಗುತ್ತಲೇ ಇದ್ದುದನ್ನು ಕಂಡು 2021ರಲ್ಲಿ ನ್ಯಾಯಾಲಯವೇ ಆಘಾತ ವ್ಯಕ್ತಪಡಿಸಬೇಕಾಯಿತು.

ಕಾನೂನು ಹೋದರೂ ಅಂಜಿಕೆ ಹೋಗುವುದಿಲ್ಲ. ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡಿಗರ ಫೋನಿನಲ್ಲಿ ಹೌಸಿಂಗ್ ಸೊಸೈಟಿಯ ಮರಾಠಿ ಗುಂಪು, ಕನ್ನಡ ಸಂಘದ ಗುಂಪು, ಊರಿನ ಕುಟುಂಬದ ಗುಂಪು ಒಂದರ ಕೆಳಗೊಂದು ಇರುತ್ತವೆ. ಗಡಿ, ಭಾಷೆ, ಚುನಾವಣೆಗಳ ಬಗ್ಗೆ ಒಂದರಲ್ಲಿ ಸಲುಗೆಯಿಂದ ಆಡಿದ ಮಾತು ಒಂದೇ ಫಾರ್ವರ್ಡ್‌ನಲ್ಲಿ ಇನ್ನೊಂದಕ್ಕೆ ದಾಟಬಲ್ಲದು ಎಂಬ ಅರಿವು, ಯಾರೂ ಹೇಳದೆಯೇ ಮಾತನ್ನು ನುಂಗಿಕೊಳ್ಳುವ ಸ್ವಯಂ ಸೆನ್ಸಾರ್‌ಶಿಪ್ಪನ್ನು ಬೆಳೆಸುತ್ತದೆ. ಸದಸ್ಯರ ಆಕ್ಷೇಪಾರ್ಹ ಸಂದೇಶಕ್ಕೆ, ಸಮಾನ ಉದ್ದೇಶ ಸಾಬೀತಾಗದ ಹೊರತು, ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲೇ ಹೇಳಿದೆ. ಹಾಗಿದ್ದೂ ಅಡ್ಮಿನ್‌ಗಳಷ್ಟೇ ಬರೆಯಬಹುದಾದ ಏರ್ಪಾಡನ್ನು ನೆಚ್ಚಿಕೊಂಡ ಗುಂಪುಗಳಲ್ಲಿ ಉಳಿಯುವುದು ಟ್ಯಾಂಕ್ ತೊಳೆಯುವ ದಿನ, ಮೇಂಟೆನೆನ್ಸ್ ಹಣದ ನೆನಪು, ಶ್ರದ್ಧಾಂಜಲಿ ಇಷ್ಟೆ.