ಭದ್ರಾವತಿಯ ಪೇಪರ್ ಮಿಲ್ಲು ‘ಪ್ರಭುತ್ವ’ ಆಗಿದ್ದು ಹೇಗೆ?

ಇಯರ್‌ಫೋನ್ ಹಾಕ್ಕೊಂಡು ಭದ್ರಾವತಿ–ಶಿವಮೊಗ್ಗ ಬಸ್ಸಲ್ಲಿ ನಿಂತಿರೋರಿಗೆ ಸ್ಪೆಷಲ್ ನಮಸ್ಕಾರ. ಈ ಎಪಿಸೋಡಿನ ಅರ್ಧ ನೋಟ್ಸ್ ನಾನು ಬರೆದಿದ್ದು ಅದೇ ಬಸ್ಸಲ್ಲಿ.

ಹಳೇ ಕೇಳುಗರಿಗೆ ಗೊತ್ತು, ನಾನು ಬಿ.ಕಾಂ. ಓದಿದವನು. ಈಗ ಇಪ್ಪತ್ತೆಂಟನೇ ವಯಸ್ಸಲ್ಲಿ ಶಿವಮೊಗ್ಗದಲ್ಲಿ ಮೂರು ವರ್ಷದ ಎಲ್‌ಎಲ್.ಬಿ.ಗೆ ಸೇರಿದ್ದೀನಿ. ಅದಕ್ಕೆ ಕಾರಣ ಒಂದು ಇಮೇಲ್. ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡ್ಕೊಳ್ತಿದ್ದೆ. ಒಂದು ಶುಕ್ರವಾರ ಸಂಜೆ ಮೇಲ್ ಬಂತು: ಒಂದು ತಿಂಗಳ ಸಂಬಳ ಹಾಕ್ತೀವಿ, ಸೋಮವಾರದಿಂದ ಬರಬೇಡಿ. ಕಾರಣ ಬರೆದಿರಲಿಲ್ಲ. ಊರಿಗೆ ಬಂದವನು ಪರಿಚಯದ ವಕೀಲರೊಬ್ಬರ ಹತ್ರ ಹೋಗಿ, “ಸಮಾನತೆ ಮೂಲಭೂತ ಹಕ್ಕಲ್ವಾ ಸರ್, ಹೈಕೋರ್ಟಿಗೆ ರಿಟ್ ಹಾಕಬಹುದಾ?” ಅಂತ ಕೇಳಿದೆ. ಅವರು ನಕ್ಕರು. “ನಿಮ್ಮ ಕಂಪನಿ ಹನ್ನೆರಡರೊಳಗೆ ಬರಲ್ಲಪ್ಪ.”

ಯಾವ ಹನ್ನೆರಡು ಅಂತ ಆವತ್ತು ಕೇಳೋಕೆ ನಾಚಿಕೆಯಾಯ್ತು. ಕ್ಲಾಸಿಗೆ ಸೇರಿದ ಮೇಲೆ ಗೊತ್ತಾಯ್ತು, ಅದು ಸಂವಿಧಾನದ 12ನೇ ವಿಧಿ.

ಅದರಲ್ಲಿರೋದು ಒಂದು ವ್ಯಾಖ್ಯೆ ಅಷ್ಟೇ. ಮೂಲಭೂತ ಹಕ್ಕುಗಳ ಭಾಗದಲ್ಲಿ ‘ಸ್ಟೇಟ್’ ಅಂದ್ರೆ ಯಾರು ಅನ್ನೋದು. ಕನ್ನಡ ಪುಸ್ತಕಗಳಲ್ಲಿ ಇದನ್ನ ರಾಜ್ಯ ಅಂತಾನೂ ಬರೀತಾರೆ. ಓದುವಾಗ ಕರ್ನಾಟಕ, ಕೇರಳ ನೆನಪಾಗಿ ತಲೆ ಕೆಡುತ್ತೆ. ನಾನು ಪ್ರಭುತ್ವ ಅಂತೀನಿ. ಕೇಂದ್ರ ಸರ್ಕಾರ, ಸಂಸತ್ತು, ರಾಜ್ಯ ಸರ್ಕಾರಗಳು, ಶಾಸಕಾಂಗಗಳು, ನಗರಸಭೆ–ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಗಳು, ಕೊನೆಗೆ ‘ಇತರ ಪ್ರಾಧಿಕಾರಗಳು’. ಮೂಲಭೂತ ಹಕ್ಕುಗಳಲ್ಲಿ ಹೆಚ್ಚಿನವು ನಮ್ಮನ್ನ ಕಾಯೋದು ಇವರಿಂದ. ಅಸ್ಪೃಶ್ಯತೆ ನಿಷೇಧದ 17ನೇ ವಿಧಿಯಂಥ ಕೆಲವು ಮಾತ್ರ ಖಾಸಗಿಯವರಿಗೂ ನೇರವಾಗಿ ಅನ್ವಯಿಸ್ತವೆ. ಜಗಳ ಇರೋದೆಲ್ಲ ಆ ‘ಇತರ’ದಲ್ಲಿ. ಆ ಜಗಳದ ಒಂದು ಮುಖ್ಯ ಕೇಸು ನಮ್ಮ ಭದ್ರಾವತಿಯದ್ದು. ಸಿಲಬಸ್ಸಲ್ಲಿ ಎಂಪಿಎಂ ಹೆಸರು ನೋಡಿ ನಾನು ಬೆಂಚಲ್ಲಿ ಎದ್ದು ಕೂತೆ.

ಮೈಸೂರು ಪೇಪರ್ ಮಿಲ್ಸ್ ಶುರುವಾಗಿದ್ದು 1936ರಲ್ಲಿ, ಮೈಸೂರು ಸಂಸ್ಥಾನದ ಕಾಲ. 1977ರಲ್ಲಿ ಅದು ಸರ್ಕಾರಿ ಕಂಪನಿ ಆಯ್ತು. ಕಂಪನಿಯ ಅಧಿಕಾರಿಗಳ ಸಂಘ ಕೋರ್ಟಿಗೆ ಹೋದಾಗ ಎದ್ದ ಪ್ರಶ್ನೆ: ಈ ಕಂಪನಿ 12ನೇ ವಿಧಿಯ ಪ್ರಭುತ್ವ ಹೌದೋ ಅಲ್ವೋ? ಕಂಪನಿ ಅಲ್ಲ ಅಂತು.

ನಿಜ ಹೇಳ್ಬೇಕಂದ್ರೆ ನನ್ನ ಬಿ.ಕಾಂ. ತಲೆ ಮೊದಲು ಕಂಪನಿ ಕಡೆನೇ ವಾಲಿತ್ತು. ಷೇರುದಾರ ಬೇರೆ, ಕಂಪನಿ ಬೇರೆ. 1897ರ ಸಾಲೊಮನ್ ಕೇಸು ನಮಗೆ ಬಾಯಿಪಾಠ. ಸರ್ಕಾರ ಷೇರು ಕೊಂಡ ಮಾತ್ರಕ್ಕೆ ಕಂಪನಿನೇ ಸರ್ಕಾರ ಆಗ್ಬಿಡುತ್ತಾ? ಶೇ. 51 ಷೇರಿದ್ರೆ ಕಂಪನಿ ಕಾಯ್ದೆ ‘ಸರ್ಕಾರಿ ಕಂಪನಿ’ ಅನ್ನುತ್ತೆ, ಆದ್ರೆ ಸಂವಿಧಾನಕ್ಕೆ ಆ ಲೆಕ್ಕ ಒಂದೇ ಸಾಕಾಗಲ್ಲ. 1981ರ ಅಜಯ್ ಹಾಸಿಯಾ ಕೇಸಿಂದ ಕೋರ್ಟ್ ಕೇಳೋ ಪ್ರಶ್ನೆಗಳು ಬೇರೆ: ದುಡ್ಡು ಯಾರದ್ದು, ಹಿಡಿತ ಎಷ್ಟು ಆಳದ್ದು, ಮಾಡ್ತಿರೋ ಕೆಲಸ ಸಾರ್ವಜನಿಕವಾದದ್ದಾ?

2002ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಂಪಿಎಂ ವಿಷಯದಲ್ಲಿ ಇದನ್ನೇ ಅಳೆದು ನೋಡ್ತು. ಷೇರು ಬಂಡವಾಳದ ಶೇ. 97ಕ್ಕಿಂತ ಹೆಚ್ಚು ರಾಜ್ಯ ಸರ್ಕಾರ ಮತ್ತು ಸರ್ಕಾರಿ ಹಣಕಾಸು ಸಂಸ್ಥೆಗಳದ್ದು. 12 ನಿರ್ದೇಶಕರಲ್ಲಿ 5 ಮಂದಿ ಸರ್ಕಾರದ ಕಡೆಯವರು, ಉಳಿದವರ ನೇಮಕಕ್ಕೂ ಸರ್ಕಾರದ ಒಪ್ಪಿಗೆ ಬೇಕು. ಗ್ರಾಮೀಣಾಭಿವೃದ್ಧಿಯಂಥ ಸಾರ್ವಜನಿಕ ಹೊಣೆಗಳೂ ಕಂಪನಿ ಮೇಲಿದ್ದವು. ಕಂಪನಿ ಅನ್ನೋ ತೆರೆ ಸರಿಸಿದ್ರೆ ಹಿಂದೆ ನಿಂತಿರೋದು ಸರ್ಕಾರವೇ. ಹಾಗಾಗಿ ಅದು ಪ್ರಭುತ್ವ ಅಂತ ತೀರ್ಪಾಯ್ತು.

ಇದರಿಂದ ಏನು ಸಿಗುತ್ತೆ? 1986ರ ಇನ್ನೊಂದು ಕೇಸು ಹೇಳ್ತೀನಿ, ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಅನ್ನೋ ಸರ್ಕಾರಿ ಕಂಪನಿದು. ಕಾಯಂ ನೌಕರನನ್ನೂ ಮೂರು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಟ್ಟು, ಕಾರಣ ಹೇಳದೆ ತೆಗೆಯಬಹುದು ಅಂತ ಅದರ ನಿಯಮ ಇತ್ತು. ಸುಪ್ರೀಂ ಕೋರ್ಟ್ ಆ ನಿಯಮವನ್ನೇ ಹೊಡೆದುಹಾಕ್ತು. ಪ್ರಭುತ್ವ ಆದ ಮೇಲೆ ಮನಸ್ಸಿಗೆ ಬಂದ ಹಾಗೆ ನಡೆಯೋ ಹಾಗಿಲ್ಲ, ಇನ್ನೊಬ್ಬರ ಮಾತು ಕೇಳದೆ ತೀರ್ಮಾನ ಮಾಡೋ ಹಾಗಿಲ್ಲ. ಆಡಳಿತಾತ್ಮಕ ಕಾನೂನಿನ ಪೇಪರಲ್ಲಿ ನಾವು ವರ್ಷವಿಡೀ ಓದೋದರ ತಿರುಳು ಇದೇ.

ಈಗ ನನ್ನ ಇಮೇಲ್ ನೆನಪು ಮಾಡ್ಕೊಳ್ಳಿ. ಅಲ್ಲಿ ಮೂರು ತಿಂಗಳಾದ್ರೂ ಇತ್ತು, ನನ್ನದು ಒಂದೇ ತಿಂಗಳು. ಆದರೂ ಒಪ್ಪಂದದ ಕಾನೂನಿನಡಿ ಖಾಸಗಿ ಕಂಪನಿ ಮೇಲೆ ನಾನು ಹೆಚ್ಚಂದ್ರೆ ಒಪ್ಪಂದ ಮುರಿದಿದ್ದಕ್ಕೆ ಪರಿಹಾರ ಕೇಳಬಹುದು. ಒಪ್ಪಂದದಲ್ಲೇ ‘ಒಂದು ತಿಂಗಳ ಸಂಬಳ’ ಅಂತ ಇದ್ರೆ ಮುರಿದಿದ್ದಾದ್ರೂ ಏನು? ಪುಸ್ತಕದಲ್ಲಿ ಇದನ್ನ ಓದಿದ ದಿನ ಸಿಟ್ಟು ಬಂತು. ಈಗಲೂ ಇದು ಸರಿ ಅಂತ ನನಗೆ ಅನ್ಸಲ್ಲ.

ಹಾಗಂತ 12ರೊಳಗೆ ಬಂದ್ರೆ ಎಲ್ಲಾ ಸರಿಹೋಗುತ್ತೆ ಅಂತಲ್ಲ. ಎಂಪಿಎಂ ಪ್ರಭುತ್ವ ಅಂತ ಸಾಬೀತಾಗಿ ಹದಿಮೂರು ವರ್ಷಕ್ಕೆ, 2015ರಲ್ಲಿ, ಉತ್ಪಾದನೆ ನಿಂತೋಯ್ತು. ರಿಟ್ ಅರ್ಜಿ ಅನ್ಯಾಯದ ಆದೇಶವನ್ನ ರದ್ದು ಮಾಡಿಸಬಹುದು, ನಷ್ಟದಲ್ಲಿರೋ ಕಾರ್ಖಾನೆಗೆ ಆರ್ಡರ್ ತಂದುಕೊಡಲ್ಲ.

ಹೋದ ವಾರ ಭದ್ರಾವತಿಯಿಂದ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳ್ಸಿದ್ರು. ಸರ್ಕಾರಿ ಸಂಸ್ಥೆಯೊಳಗೆ ಕೆಲಸ, ಆದ್ರೆ ಗುತ್ತಿಗೆದಾರನ ಮೂಲಕ. ನಮಗೂ ಹೈಕೋರ್ಟ್ ಬಾಗಿಲು ತೆರೆಯುತ್ತಾ ಬ್ರೋ ಅಂತ ಪ್ರಶ್ನೆ. ಇಲ್ಲೇ ಕಾನೂನು ಕೈಕೊಡೋದು. 2001ರ ಸ್ಟೀಲ್ ಅಥಾರಿಟಿ ಕೇಸಲ್ಲಿ (ಹೌದು, ನಮ್ಮ ವಿಐಎಸ್‌ಎಲ್ ಇರೋದು ಇದೇ ಕಂಪನಿಯಲ್ಲಿ) ಐವರು ನ್ಯಾಯಮೂರ್ತಿಗಳು ಹೇಳಿದ್ದು: ಗುತ್ತಿಗೆ ಪದ್ಧತಿ ನಿಷೇಧವಾದ ಮಾತ್ರಕ್ಕೆ ಕಾರ್ಮಿಕರು ತಾನಾಗೇ ಕಂಪನಿ ನೌಕರರಾಗಲ್ಲ. ಗುತ್ತಿಗೆ ಬರೀ ನೆಪ, ನಿಜವಾದ ಮಾಲೀಕ ಕಂಪನಿನೇ ಅಂತ ಸಾಬೀತು ಮಾಡಿದ್ರೆ ಬೇರೆ ಮಾತು. ಆದ್ರೆ ಅದಕ್ಕೆ ಸಾಕ್ಷಿ ಬೇಕು, ಅದನ್ನ ಕಾರ್ಮಿಕ ನ್ಯಾಯಮಂಡಳಿ ನೋಡಬೇಕು, ರಿಟ್‌ನಲ್ಲಿ ಆಗಲ್ಲ.

ಸರ್ಕಾರವೇ ನೇರವಾಗಿ ದಿನಗೂಲಿಗೆ ಇಟ್ಕೊಂಡಿದ್ರೆ? ಅದಕ್ಕೆ 2006ರ ಉಮಾದೇವಿ ತೀರ್ಪು, ಅದೂ ಕರ್ನಾಟಕದ್ದೇ. ಹಿಂಬಾಗಿಲಿಂದ ಬಂದವರನ್ನ ಕಾಯಂ ಮಾಡಿ ಅಂತ ಕೋರ್ಟುಗಳು ಆದೇಶಿಸೋ ಹಾಗಿಲ್ಲ ಅಂತು ಅದು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದ ಕೆಲವರಿಗೆ ಮಾತ್ರ ಒಂದು ಸಲದ ವಿನಾಯಿತಿ ಇಟ್ಟಿತ್ತು. ಆ ತೀರ್ಪನ್ನೇ ಗುರಾಣಿ ಮಾಡ್ಕೊಂಡು ದಶಕಗಟ್ಟಲೆ ಜನರನ್ನ ತಾತ್ಕಾಲಿಕ ಅಂತ ದುಡಿಸಬೇಡಿ ಅಂತ 2024ರ ಡಿಸೆಂಬರ್‌ನಲ್ಲಿ, ಜಗ್ಗೋ ಅನ್ನೋ ಕೇಸಲ್ಲಿ, ಸುಪ್ರೀಂ ಕೋರ್ಟೇ ಹೇಳಿದೆ.

ಹಾಗಾಗಿ ಮೆಸೇಜ್ ಕಳ್ಸಿದ ಗೆಳೆಯರೇ, ಮೊದಲು ಕಾಗದ ಒಟ್ಟುಮಾಡಿ. ಹಾಜರಾತಿಗೆ ಸಹಿ ಯಾರದ್ದು, ರಜೆ ಯಾರು ಕೊಡ್ತಾರೆ, ಪಿಎಫ್ ಯಾವ ಹೆಸರಲ್ಲಿ ಕಟ್ಟಾಗ್ತಿದೆ, ಗುತ್ತಿಗೆದಾರ ಬದಲಾದಾಗಲೂ ನೀವು ಅಲ್ಲೇ ಇದ್ರಾ? ಎಲ್ಲದರ ಫೋಟೋ ತೆಗೆದಿಟ್ಕೊಂಡು ಕಾರ್ಮಿಕ ಕಾನೂನು ಗೊತ್ತಿರೋ ವಕೀಲರಿಗೆ ತೋರ್ಸಿ. ನನಗಲ್ಲ, ನಾನಿನ್ನೂ ಸ್ಟೂಡೆಂಟು.