ಹೆಸರು ಅಳಿಸಿದರೂ ಊರಿಗೆ ಗೊತ್ತಾಗುತ್ತದೆ: ರೋಗಿಯ ಮಾಹಿತಿ ಯಾರ ಕೈಯಲ್ಲಿ?

2020ರ ಮೇ ತಿಂಗಳ ಆರಂಭದಲ್ಲಿ ಕೇರಳ ಸರಕಾರ ಹೊರ ರಾಜ್ಯಗಳಲ್ಲಿ ಸಿಕ್ಕಿಬಿದ್ದವರಿಗಾಗಿ ಆರು ಗಡಿಗಳನ್ನು ತೆರೆಯಿತು. ಅದರಲ್ಲಿ ನಮ್ಮ ಕಡೆಯವರಿಗೆ ಹೆಚ್ಚು ಪರಿಚಯ ಇರುವುದು ಎರಡು: ಮಂಜೇಶ್ವರ ಮತ್ತು ವಯನಾಡಿನ ಮುತ್ತಂಗ. ಮೈಸೂರು, ಬೆಂಗಳೂರಿನಿಂದ ಹೊರಟು ಗುಂಡ್ಲುಪೇಟೆ, ಬಂಡೀಪುರದ ಕಾಡು ದಾಟಿ ಬಂದವರು ಮುತ್ತಂಗದಲ್ಲಿ ನಿಲ್ಲಬೇಕಿತ್ತು. ಅದಕ್ಕೂ ಮೊದಲೇ ‘ಕೋವಿಡ್ ಜಾಗ್ರತಾ’ ಪೋರ್ಟಲ್‌ನಲ್ಲಿ ಹೆಸರು, ಮೊಬೈಲ್ ನಂಬ್ರ, ವಾಹನದ ನಂಬ್ರ, ಹೋಗುವ ಮನೆಯ ವಿಳಾಸ ತುಂಬಿಸಿ ಪಾಸ್ ತೆಗೆದಿರಬೇಕು. ಗಡಿಯಲ್ಲಿ ಆರೋಗ್ಯ ತಪಾಸಣೆ ಬೇರೆ.

ಆ ಹೊತ್ತಿಗೆ ಅದು ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದನ್ನು ‘ಒಪ್ಪಿಗೆ’ ಅನ್ನಲು ಆಗುತ್ತದಾ? ಮುಂದೆ ಗೇಟ್, ಹಿಂದೆ ಕಾಡು, ಕಾರಲ್ಲಿ ಮಕ್ಕಳು. ಆ ಜಾಗದಲ್ಲಿ ಯಾರೂ ‘ನಾನು ಮಾಹಿತಿ ಕೊಡುವುದಿಲ್ಲ’ ಎನ್ನುವುದಿಲ್ಲ. ಆಸ್ಪತ್ರೆಯ ಅಡ್ಮಿಷನ್ ಕೌಂಟರ್‌ನಲ್ಲೂ ಇದೇ ಕಥೆ. ಆದ್ದರಿಂದ ರೋಗಿಯ ರಕ್ಷಣೆ ಸಹಿ ಹಾಕಿಸುವುದರಲ್ಲಿ ಮುಗಿಯುವುದಿಲ್ಲ. ಎಷ್ಟು ಕೇಳುತ್ತಾರೆ, ಯಾರಿಗೆ ತೋರಿಸುತ್ತಾರೆ, ಯಾವಾಗ ಅಳಿಸುತ್ತಾರೆ ಎನ್ನುವುದರಲ್ಲಿ ಅದು ಇರುವುದು.

ಇದೇ ಪ್ರಶ್ನೆ ಅದೇ ವರ್ಷದ ಎಪ್ರಿಲ್‌ನಲ್ಲಿ ಕೇರಳ ಹೈಕೋರ್ಟ್ ಮೆಟ್ಟಿಲೇರಿತ್ತು. ಮನೆಯಲ್ಲಿ ಕ್ವಾರಂಟೈನ್ ಆದವರ ಆರೋಗ್ಯ ವಿವರಗಳನ್ನು ವಿಶ್ಲೇಷಿಸಲು ಸರಕಾರ ಸ್ಪ್ರಿಂಕ್ಲರ್ ಎಂಬ ಅಮೆರಿಕದ ಕಂಪೆನಿಯ ವ್ಯವಸ್ಥೆಯನ್ನು ಬಳಸಿತ್ತು. ತಳಮಟ್ಟದ ಕಾರ್ಯಕರ್ತರು ಮನೆ ಮನೆಗೆ ಹೋಗಿ ಕೇಳಿದ ಉತ್ತರಗಳು ಅಲ್ಲಿಗೆ ಸೇರುತ್ತಿದ್ದವು. ಎಪ್ರಿಲ್ 24ರ ಮಧ್ಯಂತರ ಆದೇಶದಲ್ಲಿ ಹೈಕೋರ್ಟ್ ಹೇಳಿದ್ದು ಸರಳ: ಕಂಪೆನಿಗೆ ಕೊಡುವ ಮುನ್ನ ಯಾರದೆಂದು ಗುರುತು ಸಿಗದಂತೆ ಮಾಡಿ. ಮೂರನೆಯವರು ನೋಡಬಹುದೆಂದು ಜನರಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ. ಕಂಪೆನಿ ಅದನ್ನು ವ್ಯಾಪಾರಕ್ಕೆ ಬಳಸಬಾರದು. ಮರು ತಿಂಗಳು ಸರಕಾರ, ಇನ್ನು ಆ ಕಂಪೆನಿಗೆ ಮಾಹಿತಿ ಸಿಗುವುದಿಲ್ಲ, ಸರಕಾರಿ ಸಂಸ್ಥೆ ಸಿ-ಡಿಟ್ ನೋಡಿಕೊಳ್ಳುತ್ತದೆ ಎಂದು ಕೋರ್ಟಿಗೆ ತಿಳಿಸಿತು. ಅದೇ ದಿನಗಳಲ್ಲಿ ಕಾಸರಗೋಡಿನಲ್ಲಿ, ಗುಣಮುಖರಾದವರಿಗೆ ಹೊರಗಿನಿಂದ ಫೋನ್ ಕರೆಗಳು ಬರುತ್ತಿವೆ ಎಂಬ ದೂರು ಎದ್ದಿತ್ತು.

ಗುರುತು ಅಳಿಸುವುದು ಎಂದರೆ ಹೆಸರು ಅಳಿಸುವುದಷ್ಟೇ ಅಲ್ಲ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ವಿದೇಶದಿಂದ ಬಂದು ಮನೆಯಲ್ಲಿ ಕ್ವಾರಂಟೈನ್ ಆದವರ ಪಟ್ಟಿಯನ್ನು ಮನೆ ವಿಳಾಸ ಸಮೇತ ಪ್ರಕಟಿಸಿತು. ಡೋರ್ ನಂಬ್ರ ಇದ್ದ ಮೇಲೆ ಹೆಸರು ಯಾಕೆ ಬೇಕು! ಕೇರಳದ ‘ರೂಟ್ ಮ್ಯಾಪ್’ಗಳಲ್ಲಿ ಹೆಸರಿರಲಿಲ್ಲ. ಆದರೆ ಇಂಥ ದಿನ ಗಲ್ಫ್‌ನಿಂದ ಇಳಿದ, ಇಂಥ ಮದುವೆಗೆ ಹೋದ, ಇಂಥ ಅಂಗಡಿಗೆ ಬಂದ ಎಂದರೆ ಸಾಕು. ಐನೂರು ಮನೆಗಳ ಊರಲ್ಲಿ ಅವನು ಯಾರೆಂದು ಅಸರ್ ಆಗುವ ಮೊದಲು ಎಲ್ಲರಿಗೂ ಗೊತ್ತು.

ನಂಬ್ರವನ್ನು ಸರಿಯಾಗಿ ಬಳಸಿದ್ದೂ ವಯನಾಡಿನಲ್ಲೇ ಇದೆ. 2024ರ ಜುಲೈ 30ರ ಭೂಕುಸಿತದಲ್ಲಿ ಗುರುತು ಸಿಗದ ಶರೀರಗಳನ್ನು ಪುತ್ತುಮಲೆಯಲ್ಲಿ ಡಿಎನ್‌ಎ ಮಾದರಿಯ ನಂಬ್ರ ಹಾಕಿ ದಫನ ಮಾಡಿದರು. ಹೊರಗಿನವನಿಗೆ ಅದು ಬರೀ ನಂಬ್ರ. ರಕ್ತಸಂಬಂಧಿಯ ರಕ್ತದ ಮಾದರಿ ಹೊಂದಿದಾಗ ಮಾತ್ರ ಅದಕ್ಕೆ ಹೆಸರು. ಆಸ್ಪತ್ರೆಯ ಸಂಶೋಧನೆಗೆ ಮಾಹಿತಿ ಕೊಡುವಾಗಲೂ ಹೀಗೇ ಇರಬೇಕು: ನಂಬ್ರ ಒಬ್ಬರ ಕೈಯಲ್ಲಿ, ಹೆಸರಿನ ಪಟ್ಟಿ ಬೇರೊಬ್ಬರ ಬೀಗದೊಳಗೆ.

ಕಾನೂನು ಏನು ಹೇಳುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ಹೇಳಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಮಾಹಿತಿಯನ್ನು ಕಾಯದವರಿಗೆ 250 ಕೋಟಿ ರೂಪಾಯಿವರೆಗೆ ದಂಡ. ಆದರೆ ಎರಡು ವಿಷಯ ಗಮನಿಸಿ. ವೈದ್ಯಕೀಯ ತುರ್ತು ಮತ್ತು ಸಾಂಕ್ರಾಮಿಕದ ಕಾಲದಲ್ಲಿ ಈ ಕಾಯ್ದೆಯಡಿ ಒಪ್ಪಿಗೆಯೇ ಬೇಡ. ಇನ್ನೊಂದು, ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಇದು ಅನ್ವಯಿಸುವುದಿಲ್ಲ. ಅಂದರೆ ಮಾವನ ಸ್ಕ್ಯಾನ್ ರಿಪೋರ್ಟನ್ನು ಫ್ಯಾಮಿಲಿ ಗ್ರೂಪ್‌ಗೆ ಹಾಕಿದ ಅಳಿಯನನ್ನು ಈ ಕಾಯ್ದೆ ಹಿಡಿಯುವುದು ಕಷ್ಟ. ಎಚ್‌ಐವಿ ವಿಷಯ ಮಾತ್ರ ಬೇರೆ: 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಅದನ್ನು ಹೊರಗೆ ಹೇಳುವಂತಿಲ್ಲ.

ಈಗ ನಮ್ಮ ಮೊಬೈಲನ್ನೇ ನೋಡೋಣ. ಸಮುದಾಯದ ಗ್ರೂಪ್‌ಗಳಲ್ಲಿ ದಿನಾ ಬರುವ ಚಿಕಿತ್ಸಾ ನೆರವಿನ ಮನವಿಗಳಲ್ಲಿ ಏನೆಲ್ಲ ಇರುತ್ತದೆ! ಐಸಿಯುನಲ್ಲಿ ಮಲಗಿದ ಮಗುವಿನ ಫೋಟೊ, ಡಾಕ್ಟರ್ ಚೀಟಿ, ಲ್ಯಾಬ್ ರಿಪೋರ್ಟ್, ಆಧಾರ್, ತಾಯಿಯ ಪಾಸ್‌ಬುಕ್. ಹಾಕಿದವರ ನಿಯ್ಯತ್ ಒಳ್ಳೆಯದೇ. ಹಣವೂ ಕೂಡುತ್ತದೆ, ಜೀವವೂ ಉಳಿಯುತ್ತದೆ. ಆದರೆ ಹತ್ತು ವರ್ಷ ಕಳೆದು ಅದೇ ಹುಡುಗಿಗೆ ಸಂಬಂಧ ಕೇಳಿ ಬಂದಾಗ ಯಾರದೋ ಗ್ಯಾಲರಿಯಿಂದ ಆ ಪೋಸ್ಟರ್ ಎದ್ದು ಬಂದರೆ? ಅಂದು ಅವಳನ್ನು ಯಾರೂ ಕೇಳಿರಲಿಲ್ಲ. ಬಡವರ ರೋಗಕ್ಕೆ ಗುಟ್ಟು ಬೇಡ ಎಂದು ನಾವೇ ತೀರ್ಮಾನಿಸಿದ ಹಾಗಿದೆ ಇದು. ಸ್ವಂತ ಖರ್ಚಿನಲ್ಲಿ ಆಪರೇಷನ್ ಮಾಡಿಸಿಕೊಂಡವರ ರಿಪೋರ್ಟ್ ಯಾವ ಗ್ರೂಪ್‌ನಲ್ಲೂ ಕಾಣುವುದಿಲ್ಲ.

ಮೋಸದ ಮನವಿಗಳೂ ಇರುವುದರಿಂದ ದಾನಿಗೆ ಸಾಕ್ಷ್ಯ ಬೇಕು, ನಿಜ. ಅದಕ್ಕೆ ದಾರಿ ಇದೆ. ರಿಪೋರ್ಟನ್ನು ಜಮಾಅತ್‌ನ ಅಥವಾ ಸಂಘಟನೆಯ ಇಬ್ಬರು ಜವಾಬ್ದಾರಿಯುತರು ಕಣ್ಣಾರೆ ನೋಡಲಿ, ‘ನಾವು ಪರಿಶೀಲಿಸಿದ್ದೇವೆ’ ಎಂದು ತಮ್ಮ ಹೆಸರು ಹಾಕಲಿ. ಪೋಸ್ಟರ್‌ನಲ್ಲಿ ಆಸ್ಪತ್ರೆ, ಬೇಕಾದ ಮೊತ್ತ, ಖಾತೆ ಇದ್ದರೆ ಸಾಕು, ಸಾಧ್ಯವಾದರೆ ಖಾತೆ ಆಸ್ಪತ್ರೆಯದ್ದೇ ಆಗಲಿ. ಮೊತ್ತ ಕೂಡಿದ ದಿನವೇ ಮನವಿಯನ್ನು ಅಳಿಸಿ, ಫಾರ್ವರ್ಡ್ ಮಾಡಿದವರಿಗೂ ಹೇಳಿ. ರಿಪೋರ್ಟ್ ಹಾಕಲೇಬೇಕಾದರೆ ಹೆಸರಿನ ಜೊತೆ ಮೂಲೆಯ ಕ್ಯೂಆರ್ ಕೋಡನ್ನೂ ಮುಚ್ಚಿ. ಹಲವು ಲ್ಯಾಬ್‌ಗಳಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಮುಚ್ಚಿದ ಹೆಸರಿನೊಂದಿಗೆ ಪೂರ್ತಿ ರಿಪೋರ್ಟೇ ತೆರೆದುಕೊಳ್ಳುತ್ತದೆ.