ಇಮ್ಮಡಿ ಪಣದ ಲೆಕ್ಕ

ಕಳೆದ ಮಳೆಗಾಲದಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನು ನನ್ನ ಕೊಠಡಿಗೆ ಬಂದು, ತನ್ನ ಸೋದರಮಾವ ಹೇಳಿಕೊಟ್ಟ ‘ಎಂದೂ ಸೋಲದ ಉಪಾಯ’ವೊಂದನ್ನು ನೋಟುಪುಸ್ತಕದಲ್ಲಿ ತೋರಿಸಿದನು. ಮಾವನು ಅಡಕೆ ಮಾರಿದ ಹಣದೊಡನೆ ಗೋವೆಯ ಜೂಜುಗೃಹಕ್ಕೆ ಹೊರಡುವ ಸಿದ್ಧತೆಯಲ್ಲಿದ್ದನಂತೆ. ಹುಡುಗನಿಗೆ ದುರಾಸೆಯೇನೂ ಇರಲಿಲ್ಲ. ಲೆಕ್ಕದಲ್ಲಿ ತಪ್ಪೆಲ್ಲಿದೆ ಎಂಬುದು ಕಾಣದೆ ಕಳವಳಗೊಂಡಿದ್ದನು. ತಪ್ಪು ಒಮ್ಮೆಲೇ ಕಾಣುವಂಥದೂ ಅಲ್ಲ. ಆದುದರಿಂದ ಅದನ್ನು ವಿದ್ಯಾರ್ಥಿಗಳಿಗೂ ಪೋಷಕ ಮಹನೀಯರಿಗೂ ಇಲ್ಲಿ ಬಿಡಿಸಿ ಹೇಳುತ್ತೇನೆ.

ರೂಲೆಟ್ ಎಂಬುದು ಯುರೋಪಿನಲ್ಲಿ ಬೆಳೆದ ಜೂಜು. ತಿರುಗುವ ಚಕ್ರದಲ್ಲಿ ೩೭ ಮನೆಗಳಿರುತ್ತವೆ. ೧ರಿಂದ ೩೬ರ ವರೆಗಿನ ಅಂಕಿಗಳಲ್ಲಿ ೧೮ ಕೆಂಪು, ೧೮ ಕಪ್ಪು. ಉಳಿದುದೊಂದು ಹಸುರು ಬಣ್ಣದ ಸೊನ್ನೆ. ಕೆಂಪಿನ ಮೇಲೆ ಒಂದು ರೂಪಾಯಿ ಕಟ್ಟಿ ಗೆದ್ದರೆ ಒಂದು ರೂಪಾಯಿ ಲಾಭ. ಒಂದೇ ಅಂಕಿಯ ಮೇಲೆ ಕಟ್ಟಿ ಗೆದ್ದರೆ ೩೫ ರೂಪಾಯಿ. ಈಗ ೩೭ ಆಟಗಳಲ್ಲಿ ಪ್ರತಿಯೊಂದು ಮನೆಯೂ ಒಮ್ಮೊಮ್ಮೆ ಬಂದಿತೆಂದು ಭಾವಿಸಿರಿ. ಕೆಂಪನ್ನು ನೆಚ್ಚಿದವನು ೧೮ ಗೆದ್ದು ೧೯ ಸೋಲುತ್ತಾನೆ. ಅಂಕಿಯನ್ನು ನೆಚ್ಚಿದವನು ೩೫ ಪಡೆದು ೩೬ ಕಳೆಯುತ್ತಾನೆ. ಇಬ್ಬರಿಗೂ ನಷ್ಟ ಒಂದೇ ರೂಪಾಯಿ, ಎಂದರೆ ಕಟ್ಟಿದ ಹಣದಲ್ಲಿ ನೂರಕ್ಕೆ ೨.೭. ಅಮೆರಿಕದ ಚಕ್ರದಲ್ಲಿ ಸೊನ್ನೆಯ ಮನೆಗಳು ಎರಡು. ಅಲ್ಲಿ ನಷ್ಟ ೫.೨೬. ಸೊನ್ನೆಗೆ ಬೆಲೆಯಿಲ್ಲವೆಂದು ನಮ್ಮ ಮಕ್ಕಳು ಹೇಳುವುದುಂಟು. ಜೂಜುಗೃಹದ ಅನ್ನವೆಲ್ಲ ಅದರಿಂದಲೇ ಬರುತ್ತದೆ.

ಇನ್ನು ಮಾವನ ಉಪಾಯ. ಇದಕ್ಕೆ ಮಾರ್ಟಿಂಗೇಲ್ ಎಂಬ ಹಳೆಯ ಹೆಸರಿದೆ. ಕೆಂಪಿನ ಮೇಲೆ ಒಂದು ರೂಪಾಯಿ ಕಟ್ಟು. ಸೋತರೆ ಎರಡು, ಮತ್ತೆ ಸೋತರೆ ನಾಲ್ಕು, ಆಮೇಲೆ ಎಂಟು. ಗೆದ್ದೊಡನೆ ಹಿಂದಿನ ನಷ್ಟವೆಲ್ಲ ತುಂಬಿ ಒಂದು ರೂಪಾಯಿ ಮಿಗುತ್ತದೆ. ಮತ್ತೆ ಒಂದರಿಂದ ಆರಂಭಿಸು. ಕೈಯಲ್ಲಿ ೧,೦೨೩ ರೂಪಾಯಿಗಳಿದ್ದರೆ ಹತ್ತು ಸೋಲನ್ನು ತಾಳಬಹುದು.

ತರಗತಿಯಲ್ಲಿ ಇದರ ಮೇಲೆ ವಾದ ನಡೆಯಿತು. ‘ಹತ್ತು ಸಲ ಒಂದೇ ಸಮನೆ ಸೋಲುವುದುಂಟೆ?’ ಎಂದು ಒಂದು ಪಕ್ಷ. ‘ಸೋತರೆ ಹನ್ನೊಂದನೆಯದಕ್ಕೆ ೧,೦೨೪ ರೂಪಾಯಿ ಯಾರು ಕೊಡುತ್ತಾರೆ?’ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು. ಆಕೆ ಮುಟ್ಟಿದುದು ಮರ್ಮವನ್ನೇ. ಒಮ್ಮೆ ಸೋಲುವ ಸಂಭವ ೩೭ರಲ್ಲಿ ೧೯. ಅದನ್ನು ಹತ್ತು ಸಲ ಗುಣಿಸಿದರೆ ಸುಮಾರು ೭೮೪ರಲ್ಲಿ ಒಂದು. ಹಾಗಾದರೆ ೭೮೪ ಸುತ್ತುಗಳಲ್ಲಿ ಸರಾಸರಿ ೭೮೩ ಸುತ್ತು ಒಂದೊಂದು ರೂಪಾಯಿ ಲಾಭ, ಒಂದು ಸುತ್ತಿನಲ್ಲಿ ೧,೦೨೩ ರೂಪಾಯಿ ನಷ್ಟ. ಕಳೆದು ನೋಡಿರಿ: ೨೪೦ ರೂಪಾಯಿ ಕೈಬಿಟ್ಟಿತು. ಗೆಲವುಗಳು ಚಿಲ್ಲರೆಯಾಗಿ ಬರುತ್ತವೆ, ಸೋಲು ಇಡಿಗಂಟಾಗಿ ಬರುತ್ತದೆ. ಹಣವೆಷ್ಟಿದ್ದರೂ ಪಾರಾಗುವಂತಿಲ್ಲ, ಒಂದು ಪಣಕ್ಕೆ ಇಷ್ಟೇ ಎಂದು ಜೂಜುಗೃಹದವರೇ ಮಿತಿ ಕಟ್ಟಿರುತ್ತಾರೆ.

೧೯೧೩ರ ಆಗಸ್ಟ್ ೧೮ರಂದು ಮೊನಾಕೊ ದೇಶದ ಮಾಂಟೆ ಕಾರ್ಲೊದಲ್ಲಿ ಕಪ್ಪು ೨೬ ಸಲ ಎಡೆಬಿಡದೆ ಬಂದಿತು. ಇನ್ನು ಕೆಂಪು ಬರಲೇಬೇಕೆಂದು ಜನರು ಮುಗಿಬಿದ್ದು ಕೆಂಪಿಗೆ ಹಣ ಸುರಿದರು. ಹೋದುದು ಲಕ್ಷಗಟ್ಟಲೆ ಫ್ರಾಂಕು. ಚಕ್ರಕ್ಕೆ ನೆನಪೆಂಬುದಿಲ್ಲ, ೨೬ ಕಪ್ಪುಗಳಾದ ಮೇಲೂ ಕೆಂಪಿಗೆ ಇರುವುದು ೩೭ರಲ್ಲಿ ೧೮ ಭಾಗವೇ. ಮೊದಲ ಕಪ್ಪಿನಿಂದಲೇ ಮಾವನ ಉಪಾಯವನ್ನು ಹಿಡಿದವನು, ಒಂದು ರೂಪಾಯಿಯ ಲಾಭಕ್ಕಾಗಿ, ೬,೭೧,೦೮,೮೬೩ ರೂಪಾಯಿ ಕಳೆಯುತ್ತಿದ್ದನು!

ಅಂಕಿಗಳಿಂದ ಹುಡುಗನಿಗೆ ಪೂರ್ಣ ಸಮಾಧಾನವಾಗಲಿಲ್ಲ. ಒಂದೇ ಅಳತೆಯ ೩೭ ಚೀಟಿಗಳನ್ನು ಡಬ್ಬಿಗೆ ಹಾಕಿ, ಎತ್ತಿದ ಚೀಟಿಯನ್ನು ಮತ್ತೆ ಹಾಕುತ್ತ ಆಡಿರೆಂದು, ೬೩ ಹುಣಸೆಬೀಜಗಳನ್ನು ಅವನ ಬಂಡವಾಳವಾಗಿ ಕೊಟ್ಟೆನು. ಮೊದಲ ದಿನ ೪೧ ಬೀಜ ಗೆದ್ದನು. ನನ್ನ ಮುಖವೇ ಸ್ವಲ್ಪ ಸಣ್ಣದಾಯಿತು. ಮರುದಿನ ಆರಂಭದಲ್ಲೇ ಸೊನ್ನೆಯೊಂದನ್ನು ಸೇರಿಸಿ ಆರು ಸೋಲು. ಏಳನೆಯದಕ್ಕೆ ೬೪ ಬೀಜ ಬೇಕು, ಕೈಯಲ್ಲಿ ೪೧. ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಮಾವನಿಗೆ ತೋರಿಸಬೇಕೆಂದು ಡಬ್ಬಿಯನ್ನು ಕೇಳಿ ಮನೆಗೆ ಒಯ್ದನು. ಅದು ಇನ್ನೂ ಶಾಲೆಗೆ ಹಿಂತಿರುಗಿಲ್ಲ. ಮಾವನೂ ಗೋವೆಗೆ ಹೋಗಿಲ್ಲವೆಂದು ಕೇಳಿದ್ದೇನೆ.